ಎರಡು ಸಹಿಗಳ ಆಷಾಢ

ಹೋದ ವಾರ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಅಡುಗೆಮನೆಯಿಂದ ಶೇಂಗಾ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸುವ ವಾಸನೆ ಬಂತು. ಚಳ್ಳಕೆರೆಯವರಿಗೆ ಎಣ್ಣೆಯ ವಾಸನೆ ಹೊಸದೇನಲ್ಲ. ಮಿಲ್ಲುಗಳಿರುವ ರಸ್ತೆಯಲ್ಲಿ ಒಂದು ಸಲ ಹೋಗಿಬಂದರೆ ಸಾಕು, ಸೀರೆಯ ಸೆರಗಿಗೂ ಅಂಟಿಕೊಂಡು ಮನೆಯವರೆಗೂ ಬರುತ್ತದೆ. ಆದರೆ ಕರ್ಪೂರ ಸೇರಿದ ಆ ವಾಸನೆ ನಮ್ಮ ಮನೆಯಲ್ಲಿ ಎದ್ದು ಹನ್ನೆರಡು ವರ್ಷವಾಗಿತ್ತು. ಕೈಯಲ್ಲಿದ್ದ ಬಟ್ಟೆಯ ನೀರು ಕಾಲ ಮೇಲೆ ಸುರಿಯುತ್ತಿದ್ದದ್ದು ಸ್ವಲ್ಪ ಹೊತ್ತು ತಿಳಿಯಲಿಲ್ಲ.

ಒಳಗೆ ಬಂದು ನೋಡಿದರೆ ಮಗಳು ಸಿಂಚನಾ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಇವರು, ಎಂದರೆ ನಮ್ಮ ಯಜಮಾನರು, ಬಟ್ಟಲಲ್ಲಿ ಬೆರಳದ್ದಿ ಅವಳ ಮೀನಖಂಡ ತೀಡುತ್ತಿದ್ದರು. ಇವಳು ಶಾಲೆಯ ಫುಟ್‌ಬಾಲ್ ತಂಡಕ್ಕೆ ಸೇರಿ ಎರಡು ತಿಂಗಳಾಗಿದೆ.

"ಮೇಲಿಂದ ಕೆಳಕ್ಕೆ ತೀಡಬಾರದು. ಕೆಳಗಿಂದ ಮೇಲಕ್ಕೆ. ಗೊತ್ತಾತಾ?" ಎನ್ನುತ್ತಿದ್ದರು ಅವಳಿಗೆ. ನನ್ನ ಕಡೆ ನೋಡಲಿಲ್ಲ.

ಈ ಬಟ್ಟಲು ನನ್ನ ಅತ್ತೆಯವರದು. ಮದುವೆಯಾದ ಹೊಸದರಲ್ಲಿ ದಿನಾ ಸಂಜೆ ಇದೇ ಬಟ್ಟಲಲ್ಲಿ ನಾನು ಎಣ್ಣೆ ಕಾಯಿಸಿ ಇವರ ಮುಂದೆ ಇಡುತ್ತಿದ್ದೆ. ಆಮೇಲೂ ಇವರು ಐದಾರು ವರ್ಷ ಅಲ್ಲಿ ಇಲ್ಲಿ ಆಡಿದರು. ಆದರೆ ನನ್ನ ಕೈಯಿಂದ ಎಣ್ಣೆ ಕಾಯಿಸಿಕೊಳ್ಳಲಿಲ್ಲ. ಮೆಡಿಕಲ್ ಶಾಪಿನಿಂದ ಟ್ಯೂಬು ತಂದಿಟ್ಟುಕೊಂಡರು.

ನಮ್ಮ ಮದುವೆಯಾದದ್ದು ವೈಶಾಖದಲ್ಲಿ. ನನ್ನ ತವರು ಮೊಳಕಾಲ್ಮೂರು. ಅಪ್ಪ ನೇಕಾರರಿಂದ ರೇಷ್ಮೆ ಸೀರೆ ಕೊಂಡು ಮಾರುತ್ತಿದ್ದರು. ನನ್ನನ್ನು ಮಾತ್ರ ದುರ್ಗದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬಿಟ್ಟು ಓದಿಸಿದರು. ಅಲ್ಲಿಂದ ನಾನು ತಂದದ್ದು ಎರಡು. ಒಂದು, ಜೋರಾಗಿ ಮಾತಾಡಲು ಬಾರದ ಗಂಟಲು. ಇನ್ನೊಂದು, ಮುತ್ತು ಪೋಣಿಸಿದಂಥ ಅಕ್ಷರ. ನಮ್ಮ ಸಿಸ್ಟರ್ ಒಬ್ಬರು ನಾಲ್ಕು ಗೆರೆಯ ಪುಸ್ತಕದ ಮೇಲೆ ಸ್ಕೇಲು ಹಿಡಿದು ನಿಲ್ಲುತ್ತಿದ್ದರು. ಯಾವ ಅರ್ಜಿಯಲ್ಲೂ ಒಂದು ಕಾಲಂ ಕೂಡ ಖಾಲಿ ಬಿಡಬಾರದು, ಖಾಲಿ ಬಿಡುವುದು ಸೋಮಾರಿತನ ಎಂಬುದು ಅವರ ಮಾತು.

ಸಂಬಂಧ ತಂದವರು ನಮ್ಮ ಸೋದರತ್ತೆ. "ಹುಡುಗ ಫುಟ್‌ಬಾಲ್ ಆಡ್ತಾನೆ" ಎಂದಾಗ ಅಪ್ಪ, "ಆಟ ಸರಿ, ಹೊಟ್ಟೆಗೇನು?" ಎಂದರು. "ಆಟದ ಕೋಟಾದಾಗೆ ಸರ್ಕಾರಿ ಕೆಲಸ ಆಗ್ತೈತಣ್ಣ. ಇವತ್ತಲ್ಲ ನಾಳೆ. ಮನೇಲಿ ಗಾಣದ ಎಣ್ಣೆ ವ್ಯಾಪಾರ ಐತೆ, ಅಲ್ಲೀವರೆಗೂ ಅದು ನಡೆಸ್ತೈತೆ" ಎಂದರು ಸೋದರತ್ತೆ. ಆ ಇವತ್ತಲ್ಲ ನಾಳೆಗೆ ನನ್ನನ್ನು ಕೊಟ್ಟರು.

ಇವರ ಹೆಸರು ತಿಪ್ಪೇಶ. ಹುಟ್ಟಿದ್ದು ತಳಕಿನಲ್ಲಿ. ಎಂಟನೇ ಕ್ಲಾಸಿನಲ್ಲಿ ಓಟ ನೋಡಿ ಕ್ರೀಡಾ ಹಾಸ್ಟೆಲಿಗೆ ಆರಿಸಿಕೊಂಡು ಹೋದರಂತೆ. ಅಲ್ಲಿ ಕೈಗೆ, ಅಲ್ಲ ಕಾಲಿಗೆ, ಚೆಂಡು ಕೊಟ್ಟರು. ಆಮೇಲೆ ಬೆಂಗಳೂರಿನ ಬಿ ಡಿವಿಜನ್ನಿನಲ್ಲಿ ಏಳು ವರ್ಷ, ಐದು ಕ್ಲಬ್ಬು. ಯಾವುದೂ ಮೇಲಿನ ಡಿವಿಜನ್ನಿಗೆ ಏರಲಿಲ್ಲ, ಇವರನ್ನೂ ಏರಿಸಲಿಲ್ಲ. ಪಂದ್ಯಗಳ ಋತು ಮುಗಿದ ಮೇಲೆ ಯಾರು ಕರೆದರೆ ಅವರ ಊರಿಗೆ. ತಮಿಳುನಾಡಿಗೆ, ಕೇರಳಕ್ಕೆ, ಚಿನ್ನದ ಗಣಿಯ ಕಡೆಗೆ. ಹೋಗಿ ಬಂದಾಗಲೆಲ್ಲ ಬ್ಯಾಗಿನಲ್ಲಿ ಒಂದು ಹೊಸ ಬಣ್ಣದ ಜರ್ಸಿ. ನಂಬರು ಒಂದೊಂದರ ಮೇಲೆ ಒಂದೊಂದು. ಅತ್ತೆ ಹಳೆಯದನ್ನು ಹರಿದು ಎಣ್ಣೆ ಡಬ್ಬ ಒರೆಸುತ್ತಿದ್ದರು.

ಇವರು ಆಡಿದ್ದನ್ನು ನಾನು ನೋಡಿರುವುದು ಒಂದೇ ಸಲ. ಮದುವೆಯಾದ ಹದಿನೈದು ದಿನಕ್ಕೆ ಚಳ್ಳಕೆರೆಯ ಮೈದಾನದಲ್ಲಿ ಒಂದು ಪಂದ್ಯವಿತ್ತು. ಹುಲ್ಲಿಲ್ಲದ ನೆಲ, ಓಡಿದರೆ ಧೂಳು. ಸೀರೆ ಸೆರಗು ಮೂಗಿಗೆ ಹಿಡಿದು ಕೂತಿದ್ದೆ. ಗೋಲು ಹೊಡೆಯುತ್ತಾರೆಂದು ಕಾದೆ, ಹೊಡೆಯಲಿಲ್ಲ. ಇವರಿದ್ದದ್ದು ನಡುವಿನಲ್ಲಿ. ಆಗ ಒಂದು ವಿಷಯ ಗಮನಿಸಿದೆ. ಚೆಂಡು ಹತ್ತಿರ ಬರುವ ಮೊದಲು ಇವರು ಒಮ್ಮೆ ಎಡಭುಜದ ಮೇಲಿಂದ, ಒಮ್ಮೆ ಬಲಭುಜದ ಮೇಲಿಂದ ಹಿಂದೆ ತಿರುಗಿ ನೋಡುತ್ತಿದ್ದರು, ಪಕ್ಕದ ಮನೆಯವಳ ಜೊತೆ ಮಾತಾಡುತ್ತಲೇ ಒಲೆಯ ಮೇಲಿನ ಹಾಲನ್ನು ನೋಡಿಕೊಳ್ಳುವ ಹೆಂಗಸಿನ ಹಾಗೆ. ಬಂದ ಚೆಂಡನ್ನು ಇಟ್ಟುಕೊಳ್ಳದೆ ಪಕ್ಕದವನಿಗೆ ಕೊಟ್ಟು ಬಿಡುತ್ತಿದ್ದರು. ಅವನು ಮುಂದಿನವನಿಗೆ. ಅವನು ಹೊಡೆದ. ಜನ ಕುಣಿದರು. ಕೊಟ್ಟವನಿಗೆ ಕೊಟ್ಟವರು ಇವರು ಎಂದು ನನ್ನ ಪಕ್ಕದಲ್ಲಿದ್ದವರಿಗೆ ಹೇಳಬೇಕೆನ್ನಿಸಿತು. ನಾಚಿಕೆಯಾಗಿ ಹೇಳಲಿಲ್ಲ.

ಆ ವರ್ಷ ಇವರಿಗೆ ಇಪ್ಪತ್ತೇಳು. ಕೋಟಾದ ಕೆಲಸಕ್ಕೆ ವಯಸ್ಸಿನ ಮಿತಿ ಮುಟ್ಟಲು ಒಂದೇ ವರ್ಷ ಉಳಿದಿತ್ತು. ಅಷ್ಟರಲ್ಲಿ ಬೆಂಗಳೂರಿನ ಒಂದು ಇಲಾಖೆಯ ತಂಡದ ಕೋಚು ಇವರನ್ನು ಕರೆದು, "ಈ ಋತು ನಮ್ಮಲ್ಲಿ ಗೆಸ್ಟ್ ಆಗಿ ಆಡು. ಮುಂದಿನ ವರ್ಷ ಇಬ್ಬರನ್ನ ತಗೊಳ್ತೀವಿ, ನಡುವಿನ ಜಾಗ ನಿಂದು" ಎಂದಿದ್ದರು. ಆದರೆ ಸಹಿ ಹಾಕುವ ದಿನ ಮಾತ್ರ ಮುಂದೆ ಮುಂದೆ ಹೋಗುತ್ತಿತ್ತು. ಸಾಹೇಬರು ರಜೆ, ಸಾಹೇಬರು ಟೂರು. ಇವರು ಕಾದು ಕಾದು ತಮಿಳುನಾಡಿನ ಒಂದು ಪಂದ್ಯಾವಳಿಗೆ ಹೊರಟು ಹೋದರು.

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತು. ಅದು ಕಳೆದರೆ ಆಷಾಢ. ನಮ್ಮ ಕಡೆ ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಹೊಸ್ತಿಲು ದಾಟುವ ಹಾಗಿಲ್ಲ, ತವರಿಗೆ ಹೋಗಬೇಕು. ಗಂಡ ಆ ತಿಂಗಳು ಮಾವನ ಮನೆ ಕಡೆ ಸುಳಿಯುವಂತಿಲ್ಲ. ಹೊಸ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ನನ್ನ ಅಪ್ಪ ಕರೆದುಕೊಂಡು ಹೋಗಲು ಬರುವವರಿದ್ದರು. ಆಗಲೇ ಗಾಳಿ ಶುರುವಾಗಿತ್ತು. ಚಳ್ಳಕೆರೆಗೆ ಆಷಾಢದಲ್ಲಿ ಮಳೆಗಿಂತ ಮೊದಲು ಗಾಳಿ ಬರುತ್ತದೆ. ಬಾಗಿಲು ಹಾಕಿದರೂ ತಟ್ಟೆಯ ಅನ್ನದ ಮೇಲೆ ಸಣ್ಣ ಮಣ್ಣು ಕೂರುತ್ತದೆ.

ಅಪ್ಪ ಬರುವ ದಿನ ಬೆಳಿಗ್ಗೆ ಕೊರಿಯರಿನವನು ಒಂದು ಲಕೋಟೆ ಕೊಟ್ಟು ಹೋದ. ಇವರು ಹಿಂದಿನ ವರ್ಷ ಆಡಿದ್ದ ಹಳೇ ಕ್ಲಬ್ಬಿನ ನೋಂದಣಿ ಫಾರಂ. ಹಿಂದೆಯೇ ಕ್ಲಬ್ಬಿನ ಸೆಕ್ರೆಟರಿಯ ಫೋನು.

"ಸೈ ಹಾಕಿಸಿ ಕಳಿಸಿಬಿಡಮ್ಮ. ಇಲಾಖೆ ತಂಡದ್ದು ಆದ್ರೆ ಆಗಲಿ, ನಾವು ಅಡ್ಡ ಬರಲ್ಲ. ಆಗ್ಲಿಲ್ಲ ಅಂದ್ರೆ ಹುಡುಗ ಅತ್ತಲೂ ಇಲ್ಲ ಇತ್ತಲೂ ಇಲ್ಲ ಆಗಬಾರದಲ್ಲ? ಇದು ನಮ್ಮ ಬೀರುನಲ್ಲೇ ಇರುತ್ತೆ."

"ಅವರು ಊರಲ್ಲಿಲ್ಲ ಸಾರ್."

"ನೀವೇ ಹಾಕಿ ಅಮ್ಮ. ಸಂಸಾರದಲ್ಲಿ ಅವನ ಕೈ ಬೇರೆ ನಿಮ್ಮ ಕೈ ಬೇರೆಯಾ?"

ನಾನು ಇವರಿಗೆ ಎರಡು ಸಲ ಫೋನು ಮಾಡಿದೆ. ಸ್ವಿಚ್ ಆಫ್. ಪಂದ್ಯವಿರುವ ದಿನ ಫೋನು ತೆಗೆಯುತ್ತಿರಲಿಲ್ಲ. ಅತ್ತೆ ಶೇಂಗಾ ಹಿಂಡಿಯ ಚೀಲ ಹೊಲಿಯುತ್ತ ಕೂತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ, ಆದರೆ ಪಂಚಾಂಗ ಬಾಯಲ್ಲೇ ಇತ್ತು.

"ಏನಂತವ್ವಾ ಅದು?"

ಹೇಳಿದೆ. ಅವರು ದಬ್ಬಳ ನಿಲ್ಲಿಸಿದರು.

"ನಾಳೆ ಅಮಾಸೆ. ಆಮೇಲೆ ಒಂದು ತಿಂಗಳು ಯಾವ ಕಾಗದಕ್ಕೂ ಕೈ ಹಚ್ಚಂಗಿಲ್ಲ. ಆಷಾಢದಾಗೆ ಹಿಡಿದ ಕೆಲಸ ಯಾವುದು ಉಳದೈತೆ? ನೀನೇ ಬರದು ಸೈ ಹಾಕು. ಒಂದು ಕಡೆ ಗಟ್ಟಿ ಆಗ್ಲಿ."

"ಅವರನ್ನ ಒಂದು ಮಾತು ಕೇಳಿ..."

"ಆಟದ ಮಧ್ಯೆ ಅವನ ತಲೆ ಕೆಡಿಸಬ್ಯಾಡ. ಬಂದ ಮೇಲೆ ಹೇಳಿದ್ರಾತು. ನಿಮ್ಮಪ್ಪ ಬರೋ ಹೊತ್ತಾತು, ಬರಿ."

ಹೊಸ ಸೊಸೆಗೆ ಒಂದೇ ಆಸೆ ಇರುತ್ತದೆ, ಹೇಳಿದ ಕೆಲಸ ಚೆನ್ನಾಗಿ ಮಾಡಿದಳು ಎನ್ನಿಸಿಕೊಳ್ಳುವುದು. ಡಬ್ಬ ತುಂಬಿಸುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೂತೆ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಆಡುವ ಸ್ಥಾನ. ಇವರ ಸಹಿ ನನಗೆ ಬರುತ್ತಿತ್ತು. ಮದುವೆ ನೋಂದಣಿಯ ದಿನ ಅದನ್ನು ನೋಡಿ, "ಇದೇನ್ರೀ, ಓಡೋ ಬಸ್ಸಿನಲ್ಲಿ ಹಾಕಿದ ಹಾಗಿದೆ" ಎಂದು ನಕ್ಕು, ತಮಾಷೆಗೆ ನಾಲ್ಕು ಸಲ ನಕಲು ಮಾಡಿ ತೋರಿಸಿದ್ದೆ. ಈಗ ಇನ್ನೂ ನೀಟಾಗಿ ಹಾಕಿದೆ. ಕೊನೆಗೆ ತಾರೀಕಿನ ಕಾಲಂ. ಅದನ್ನೂ ಖಾಲಿ ಬಿಡಲಿಲ್ಲ. ಎತ್ತಿ ನೋಡಿದಾಗ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಎಣ್ಣೆ ಹತ್ತಿ ಕಾಗದ ಅಷ್ಟಗಲ ಪಾರದರ್ಶಕವಾಗಿತ್ತು. ಬೇರೆ ಫಾರಂ ಇರಲಿಲ್ಲ. ಅಪ್ಪ ಬಂದರು. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಕೊರಿಯರ್ ಅಂಗಡಿ. ಅಲ್ಲಿ ಕೊಟ್ಟು ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಒಬ್ಬ ಆಟಗಾರ ಒಂದು ಋತುವಿಗೆ ಒಂದೇ ತಂಡಕ್ಕೆ ಸಹಿ ಹಾಕಬೇಕು, ಎರಡು ಕಡೆ ಹಾಕಿದರೆ ವರ್ಷವಿಡೀ ಹೊರಗೆ ಎಂಬ ನಿಯಮ ನನಗೆ ಆಗ ಗೊತ್ತಿರಲಿಲ್ಲ. ಇದು ನಿಜ. ಆದರೆ ಇದಿಷ್ಟೇ ನಿಜವಲ್ಲ.

ತವರಿಗೆ ಬಂದು ಹನ್ನೊಂದು ದಿನವಾಗಿತ್ತು. ನಡುಮನೆಯಲ್ಲಿ ಅಪ್ಪ ಒಂದು ಸೀರೆ ಬಿಚ್ಚಿ ಬೆಳಕಿಗೆ ಹಿಡಿದು ದೋಷ ಹುಡುಕುತ್ತಿದ್ದರು, ಪಕ್ಕದ ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಆಗ ಇವರ ಫೋನು ಬಂತು, ಬೆಂಗಳೂರಿನಿಂದ.

"ಶೈಲಾ, ಸೈ ಹಾಕಿದೆ ಕಣೆ! ಇಲಾಖೆ ಟೀಮಿಗೆ. ಈಗ ತಾನೇ. ಮುಂದಿನ ವರ್ಷ ಕೆಲಸ ಗ್ಯಾರಂಟಿ ಅಂದ್ರು."

"ಹೌದಾ?" ಎಂದೆ. "ಆ ಹಳೇ ಕ್ಲಬ್ಬಿನವರು..."

"ಅವರದೇನು? ಹೋಗ್ಲಿ ಬಿಡು. ನೋಂದಣಿ ಮುಗಿಯೋಕೆ ಇನ್ನು ನಾಲ್ಕೇ ದಿನ ಇತ್ತು. ನನಗೆ ಜೀವ ಬಾಯಿಗೆ ಬಂದಿತ್ತು ಕಣೆ."

ಇವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಪ್ಪ ಕೈ ಚಾಚಿ ಫೋನು ಇಸಕೊಂಡು, "ಅಳಿಯಂದ್ರೇ, ಶ್ರಾವಣಕ್ಕೆ ಬನ್ನಿ, ಹೋಳಿಗೆ ಊಟ" ಎಂದು ಕೂಗಿದರು. ಮತ್ತೆ ನನ್ನ ಕೈಗೆ ಬಂದಾಗ ಲೈನು ಇನ್ನೂ ಇತ್ತು. ಹೇಳಬಹುದಿತ್ತು. ನಾಲ್ಕು ದಿನದೊಳಗೆ ಅರ್ಜಿ ಹಿಂದಕ್ಕೆ ಪಡೆಯಲು ಅವಕಾಶವಿತ್ತೆಂದು ಆಮೇಲೆ ತಿಳಿಯಿತು. ಆಗ ತಿಳಿದಿರಲಿಲ್ಲ ನಿಜ, ಆದರೆ ಏನೋ ಸರಿಯಿಲ್ಲ ಎಂದಂತೂ ನನಗೆ ತಿಳಿದಿತ್ತು. ಬೀರುವಿನಲ್ಲೇ ಇರುತ್ತದೆ ಎಂದಿದ್ದರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅತ್ತೆಯೇ ಹೇಳಲಿ ಎಂದುಕೊಂಡೆ. ಅಷ್ಟು ಖುಷಿಯ ಮನುಷ್ಯನಿಗೆ ನಾನು ಕೆಟ್ಟವಳಾಗುವುದು ಬೇಡವಾಗಿತ್ತು.

"ಊಟ ಆಯ್ತಾ?" ಎಂದು ಕೇಳಿ ಫೋನು ಇಟ್ಟೆ.

ತನ್ನ ಆಟಗಾರನನ್ನು ಹೇಳದೆ ಕೇಳದೆ ಎಳೆದುಕೊಂಡರೆಂದು ಸೆಕ್ರೆಟರಿಗೆ ಇಲಾಖೆ ತಂಡದ ಮೇಲೆ ಸಿಟ್ಟು ಬಂದಿತ್ತು. ಬೀರು ತೆರೆದ. ನನ್ನ ಫಾರಂ ಫುಟ್‌ಬಾಲ್ ಸಂಸ್ಥೆಯ ಆಫೀಸಿಗೆ ಕೊಟ್ಟ.

ಶ್ರಾವಣದಲ್ಲಿ ನಾನು ಚಳ್ಳಕೆರೆಗೆ ಬರುವ ಹೊತ್ತಿಗೆ ಇವರು ಮನೆಯಲ್ಲಿದ್ದರು. ಪಂದ್ಯಗಳ ಕಾಲದಲ್ಲಿ ಗಂಡಸು ಮನೆಯಲ್ಲಿ! ಅಂಗಳದಲ್ಲಿ ಬೂಟು ತೊಳೆದು ಒಳಗೆ ಪೇಪರು ತುರುಕುತ್ತಿದ್ದರು. "ಒಂದು ವರ್ಷ ಆಡಂಗಿಲ್ಲ" ಎಂದರು.

"ನಾನು ಹಾಕಿದ ಸಹಿ..."

"ಅದೇನಲ್ಲ ಬಿಡು. ಏನೇನೋ ಇರ್ತಾವೆ." ಅಷ್ಟೇ. ಅತ್ತೆ ಒಳಗಿನಿಂದ, "ನೋಡಿದ್ಯಾ, ಆಷಾಢದಾಗೆ ಸೈ ಹಾಕಿದ್ದಕ್ಕೆ" ಎಂದರು. ಅವರು ಸಾಯುವವರೆಗೂ ಹಾಗೇ ನಂಬಿದ್ದರು. ಅವರ ಮಟ್ಟಿಗೆ ಕೆಟ್ಟದ್ದು ಮಗನ ಸಹಿ, ಉಳಿಯಬೇಕಿದ್ದದ್ದು ನನ್ನದು.

ಎರಡು ಸಹಿಯ ಬಗ್ಗೆ ಸಂಸ್ಥೆಯವರು ನಡೆಸಿದ ವಿಚಾರಣೆಯಲ್ಲಿ ಏನಾಯಿತೆಂದು ಹೇಳಿದವನು ಸಾದಿಕ್. ಇವರ ಜೊತೆ ಹಾಸ್ಟೆಲಿನಲ್ಲಿ ಬೆಳೆದ ಗೋಲ್‌ಕೀಪರು. ಆಗಲೇ ಆಟ ಬಿಟ್ಟು ಸಂತೆಯಲ್ಲಿ ಬಳೆ ಅಂಗಡಿ ಇಟ್ಟಿದ್ದ. ಅವತ್ತು ಇವರಿಗೆ ಧೈರ್ಯಕ್ಕೆಂದು ಬೆಂಗಳೂರಿಗೆ ಹೋಗಿದ್ದನಂತೆ. ದೀಪಾವಳಿಯ ಬಳೆ ತೊಡಿಸುತ್ತ, ನನ್ನ ಕೈ ಅವನ ಕೈಯಲ್ಲಿದ್ದಾಗಲೇ ಹೇಳಿದ.

"ಎರಡೂ ಕಾಗದ ಟೇಬಲ್ ಮೇಲೆ ಜೋಡಿಸಿಟ್ರು ಭಾಬಿ. ದೊಡ್ಡ ಸಾಹೇಬರು ಕನ್ನಡಕ ಹಾಕ್ಕೊಂಡು ನೋಡಿದ್ರು. ಇವನು ಹಾಕಿದ್ದು ಬಿಲ್ಕುಲ್ ಕೋಳಿ ಕೆದರಿದಂಗೆ. ಇನ್ನೊಂದು ಅಚ್ಚು ಹಾಕಿದಂಗೆ ಐತೆ. ತಾರೀಕೂ ಮುಂಚಿಂದು. ಇದೇ ಅಸಲಿ, ಅಂದ್ಬಿಟ್ರು."

ಬಳೆ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತ್ತು. ನಾನು ಕೈ ಎಳೆಯಲಿಲ್ಲ.

"ಇವನು ಆ ಕಾಗದ ಎತ್ತಿ ನೋಡ್ದ. ಮೂಲೇಲಿ ಎಣ್ಣೆ ಕಲೆ ಇತ್ತಲ್ಲ, ಅದನ್ನ ಹೆಬ್ಬೆಟ್ಟಲ್ಲಿ ಸವರಿದ. ಅಷ್ಟೇ, ಮುಖಾನೇ ಬದಲಾಗೋಯ್ತು. ನಾನು ಕಿವಿಯಾಗೆ ಹೇಳ್ದೆ, ಲೇ, ಇದು ನಂದಲ್ಲ ಅನ್ನಲೇ, ಬಚಾವಾಗ್ತೀಯಾ ಅಂತ. ಆ ಸೆಕ್ರೆಟರಿ ಇದ್ದವನು, ನಿಂದಲ್ಲ ಅಂದ್ರೆ ಕಳ್ಳ ಸೈ ಹಾಕಿದವರು ಯಾರು ಅಂತ ಪೊಲೀಸ್ನೋರು ಕೇಳ್ತಾರೆ ಅಂದ. ತಿಪ್ಪೇಶ ಕಾಗದ ಕೆಳಗಿಟ್ಟ ಭಾಬಿ. ಎರಡೂ ನಂದೇ ಸಾರ್, ಅಂದುಬಿಟ್ಟ."

ಬಳೆ ಒಡೆಯಿತು. ಸಾದಿಕ್ "ಅರೆ, ಅರೆ" ಎಂದು ಚೂರು ಆಯ್ದ. ಮನೆಗೆ ಬಂದು ಇವರ ಮುಂದೆ ನಿಂತೆ. ಸಾದಿಕ್ ಸಿಕ್ಕಿದ್ದ ಎಂದೆ. ಇವರು ತಲೆ ಆಡಿಸಿ, "ಬಳೆ ಚೆನ್ನಾಗವೆ" ಎಂದರು. ಅಲ್ಲಿಗೆ ಮುಗಿಯಿತು. ಜಗಳವಾಡಿದ್ದರೆ, ಒಂದು ಏಟು ಹೊಡೆದಿದ್ದರೂ, ನಾನು ಅತ್ತು ಹಗುರಾಗುತ್ತಿದ್ದೆ. ಅವರು ಅದನ್ನೂ ಕೊಡಲಿಲ್ಲ.

ಆ ವರ್ಷವಿಡೀ ಬೆಳಗಿನ ಹೊತ್ತು ಕುದಾಪುರದ ಕಡೆ ಹುಲ್ಲುಗಾವಲಿನಲ್ಲಿ ಓಡಿದರು. ಆಗ ಅಲ್ಲಿ ಸರ್ಕಾರದ ಸಂಶೋಧನಾ ಸಂಸ್ಥೆಗಳ ಕಾಂಪೌಂಡು ಏಳುತ್ತಿತ್ತು. ಮೊನ್ನೆ ಓಡಿದ ದಾರಿಗೆ ಇವತ್ತು ಗೋಡೆ ಅಡ್ಡ. ಸುತ್ತು ಹಾಕಿ ಬೇರೆ ಕಡೆ ಓಡುವುದು, ವಾರ ಕಳೆದರೆ ಅಲ್ಲಿಯೂ ಕಲ್ಲು. ಇಲಾಖೆಯವರು ಹೇಳಿದಂತೆಯೇ ಇಬ್ಬರನ್ನು ತೆಗೆದುಕೊಂಡರು. ನಡುವಿನ ಜಾಗಕ್ಕೆ ಇವರಿಗಿಂತ ಚಿಕ್ಕವನೊಬ್ಬ ಬಂದ. ಇವರ ಒಂದು ವರ್ಷ ಮುಗಿದಾಗ ವಯಸ್ಸಿನ ಮಿತಿಯೂ ಮುಗಿದಿತ್ತು. ಆಮೇಲೆ ಮತ್ತೆ ಊರೂರು, ಬೇರೆ ಬೇರೆ ಬಣ್ಣದ ಅಂಗಿ, ಕಡೆಗೆ ಮೊಣಕಾಲು.

ಈಗ ಆ ಗೋಡೆಯದೇ ಒಂದು ಗೇಟಿನಲ್ಲಿ ಗುತ್ತಿಗೆ ಕೆಲಸ. ಒಳಗೆ ಹೋಗುವವರ ಮುಂದೆ ದಿನವಿಡೀ ರಿಜಿಸ್ಟರು ಹಿಡಿಯುತ್ತಾರೆ. "ಇಲ್ಲಿ ಸೈ ಮಾಡಿ ಸಾರ್." ಒಂದು ಸಲ ಬುತ್ತಿ ಕೊಡಲು ಹೋಗಿದ್ದಾಗ ಕೇಳಿದೆ. ಇನ್ನೊಂದು ಸಲ ಹೋಗಲಿಲ್ಲ.

ಮತ್ತೆ ಹೋದ ವಾರಕ್ಕೆ ಬರುತ್ತೇನೆ. ಸಿಂಚನಾ ಕಾಲು ತೀಡಿಸಿಕೊಳ್ಳುತ್ತಲೇ ಬ್ಯಾಗಿನಿಂದ ಒಂದು ಫಾರಂ ತೆಗೆದಳು. ತಾಲೂಕು ತಂಡದ ಆಯ್ಕೆಗೆ ಕಳಿಸಲು ಪೋಷಕರ ಒಪ್ಪಿಗೆ.

"ಅಪ್ಪ, ಸೈನು."

ಇವರು ಎಣ್ಣೆಯ ಕೈ ತೋರಿಸಿದರು. "ನಿಮ್ಮಮ್ಮಂಗೆ ಕೊಡು. ಅವಳ ಸೈನೇ ಅಸಲಿ ಅಂತ ದೊಡ್ಡೋರು ತೀರ್ಮಾನ ಮಾಡವ್ರೆ."

ಮಗಳು ಏನೂ ಗೊತ್ತಿಲ್ಲದೆ ನಕ್ಕಳು. ಇವರ ಮುಖದಲ್ಲಿ ಸಿಟ್ಟಿರಲಿಲ್ಲ. ಗೇಟಿನಲ್ಲಿ ಯಾರಿಗೋ ದಾರಿ ಹೇಳುವಾಗಿನ ಮುಖ. ಹನ್ನೆರಡು ವರ್ಷದಲ್ಲಿ ಆ ವಿಷಯವಾಗಿ ಇವರ ಬಾಯಿಂದ ಬಂದ ಮೊದಲ ಮಾತು ಅದು. ಇನ್ನು ಸುಮ್ಮನಿದ್ದರೆ ಸಾಯುವವರೆಗೂ ಸುಮ್ಮನಿರುತ್ತೇನೆ ಎನ್ನಿಸಿತು.

"ನೀವು ಬೆಂಗಳೂರಿಂದ ಫೋನ್ ಮಾಡಿದ್ದಿರಲ್ಲ, ಆವತ್ತೇ ನಾನು ಹೇಳಬಹುದಿತ್ತು. ಆಗಲೇ ಸಹಿ ಹಾಕಿ ಕಳಿಸಿಯಾಗಿತ್ತು. ಹೇಳಲಿಲ್ಲ."

"ಗೊತ್ತು" ಎಂದರು.

"ಅತ್ತೆ ಹೇಳಿದ್ರಾ?"

"ಅವ್ವ ಏನು ಹೇಳ್ತಾಳೆ." ಅವರ ಹೆಬ್ಬೆರಳು ಮಗಳ ಹಿಮ್ಮಡಿಯಿಂದ ಮೇಲಕ್ಕೆ ಸರಿಯುತ್ತಿತ್ತು. "ತಾರೀಕು ಬರೆದಿದ್ದೆಯಲ್ಲ ನೀನೇ. ಕಾಲಂ ಖಾಲಿ ಬಿಡದೆ. ಅಲ್ಲೇ ಲೆಕ್ಕ ಹಾಕ್ದೆ. ನಾನು ಫೋನ್ ಮಾಡೋಕೆ ಹನ್ನೊಂದು ದಿನ ಮುಂಚೆ."

ಗಾಳಿ ಹಿತ್ತಲ ಬಾಗಿಲನ್ನು ಬಡಿಯಿತು. ಎಣ್ಣೆಯ ಕಲೆಯನ್ನಷ್ಟೇ ಅಲ್ಲ, ಆ ಟೇಬಲ್ಲಿನ ಮುಂದೆ ಇವರು ನನ್ನ ತಾರೀಕನ್ನೂ ಓದಿದ್ದರು. ಅದನ್ನು ಓದಿದ ಮೇಲೆಯೇ "ಎರಡೂ ನಂದೇ" ಎಂದದ್ದು. ಬಂದು ನನ್ನ ಮುಂದೆ ಬೂಟು ತೊಳೆದದ್ದು, ಬಳೆ ಚೆನ್ನಾಗವೆ ಎಂದದ್ದು.

"ಬೇಗ ಅಮ್ಮ" ಎಂದಳು ಸಿಂಚನಾ.

ಫಾರಂ ಮೊಣಕಾಲ ಮೇಲಿಟ್ಟುಕೊಂಡು ನನ್ನ ಹೆಸರು ಬರೆದೆ. ಕೆಳಗೆ ನನ್ನದೇ ಸಹಿ ಹಾಕಿದೆ. ಪಕ್ಕದಲ್ಲಿ ತಾರೀಕಿನ ಕಾಲಂ. ಪೆನ್ನು ಅಲ್ಲಿ ನಿಂತಿತು.

"ಅಮ್ಮಂಗೆ ತಾರೀಕೇ ಗೊತ್ತಿಲ್ಲ!" ಎಂದು ಮಗಳು ಚಪ್ಪಾಳೆ ತಟ್ಟಿದಳು.

ಇವರು ತಲೆ ಎತ್ತದೆ ಅವತ್ತಿನ ತಾರೀಕು ಹೇಳಿದರು. ನಾನು ಬರೆದುಕೊಂಡೆ.